ಪದಚರ್ಚೆ: ‘ಗೋ ಅರೌಂಡ್’, ‘ವಿಂಡ್ ಶಿಯರ್’ ಇವಕ್ಕೆ ಕನ್ನಡದಲ್ಲಿ ಏನನ್ನೋಣ? (ನಾಳೆ ಅಚ್ಚಿಗೆ ಹೋಗಬೇಕು)

ಎಲ್ಲರಿಗೂ ನಮಸ್ಕಾರ.

ವಿಮಾನ ಪ್ರಯಾಣಿಕರಿಗೆ ಕೊಡುವ ನಾಲ್ಕು ಪುಟದ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮಳೆ, ಮಂಜು, ಬಿರುಗಾಳಿ ಇರುವಾಗ ವಿಮಾನ ಹೇಗೆ ಇಳಿಯುತ್ತದೆ ಅನ್ನೋದು ವಿಷಯ. ಎರಡು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ. ಒಂದು ‘ಗೋ ಅರೌಂಡ್’. ಇನ್ನೇನು ನೆಲ ಮುಟ್ಟಬೇಕು ಅನ್ನುವಾಗ ಪೈಲಟ್ ಇಳಿಯುವುದನ್ನು ಬಿಟ್ಟು ಮತ್ತೆ ಮೇಲಕ್ಕೆ ಹೋಗುವುದು. ನಾನು ‘ಸುತ್ತು ಹಾಕುವುದು’ ಅಂತ ಬರೆದಿದ್ದೆ. ಇನ್ನೊಂದು ‘ವಿಂಡ್ ಶಿಯರ್’, ಅಂದರೆ ಗಾಳಿ ಥಟ್ಟನೆ ಬದಲಾಗುವುದು. ಇದಕ್ಕೆ ‘ಗಾಳಿ ಕತ್ತರಿ’ ಅಂತ ಗೆಳೆಯರೊಬ್ಬರು ಹೇಳಿದರು, ನನಗೆ ಒಪ್ಪಿಗೆಯಾಗಲಿಲ್ಲ. ತಿಳಿದವರು ದಯವಿಟ್ಟು ಬೇಗ ಹೇಳಿ.

ಮರು:
‘ಮರುಏರು’ ಅನ್ನಿ. ಹಳಗನ್ನಡದಲ್ಲಿ ‘ಏಱು’, ‘ಇೞಿ’. ತಮಿಳಿನಲ್ಲೂ ಇವೇ ಇವೆ. ನಮ್ಮ ಬೇರಿನ ಪದ ಕೈಯಲ್ಲೇ ಇರುವಾಗ ಹುಡುಕಾಟ ಯಾಕೆ? ಎರಡನೆಯದಕ್ಕೆ ‘ಗಾಳಿಹೊರಳು’. ಯಾರಾದರೂ ‘ಪಲ್ಲಟ’ ತರುತ್ತಾರೆ ಅಂತ ಗೊತ್ತು. ಅದು ಪ್ರಾಕೃತದಿಂದ ಬಂದದ್ದು, ಬೇಡ.

ಮರು:
‘ಮರುಏರು’ ತಪ್ಪು. ಲೋಪಸಂಧಿ ಆಗಿ ‘ಮರೇರು’ ಆಗಬೇಕು. ಹಳಗನ್ನಡ ಹೇಳುವವರು ಸಂಧಿ ಮರೆಯಬಾರದು.

ಮರು:
ಅರ್ಥ ಕೆಡುವ ಕಡೆ ಲೋಪಸಂಧಿ ಮಾಡುವ ಹಾಗಿಲ್ಲ. ಮತಗಳ ‘ಮರು ಎಣಿಕೆ’ ಅಂತಲೇ ಪತ್ರಿಕೆಗಳು ಬರೆಯುತ್ತವೆ. ‘ಮರೆಣಿಕೆ’ ಅಂತ ಎಲ್ಲಾದರೂ ಕಂಡಿದ್ದೀರಾ?

ಮರು:
ನಾನು ಹಲವು ವರ್ಷ ವಿಮಾನ ಹಾರಿಸಿದವನು. ಸಂಧಿ ಆಮೇಲೆ, ಮೊದಲು ಅರ್ಥ ಸರಿಯಾಗಲಿ.

‘ಸುತ್ತು’ ಖಂಡಿತ ಬೇಡ. ಸರದಿ ಬರುವವರೆಗೆ ಆಕಾಶದಲ್ಲಿ ಸುತ್ತುತ್ತಾ ಕಾಯುವುದು ಬೇರೆ. ಇಲ್ಲಿ ಮೊದಲ ಕೆಲಸ ಏರುವುದು. ಎಂಜಿನ್ ಬಲ ಹೆಚ್ಚಿಸಿ, ಮೂತಿ ಎತ್ತಿ, ಫ್ಲ್ಯಾಪ್ (ಇಳಿಯುವಾಗ ರೆಕ್ಕೆಯ ಹಿಂಬದಿಯಲ್ಲಿ ಚಾಚುವ ಪಟ್ಟಿ) ಒಂದು ಹಂತ ಒಳಕ್ಕೆ ತೆಗೆದುಕೊಳ್ಳುತ್ತೇವೆ. ವಿಮಾನ ಏರುತ್ತಿದೆ ಅಂತ ಖಚಿತವಾದ ಮೇಲೆ ಚಕ್ರ ಮಡಚುತ್ತೇವೆ.

ಇದು ಹೆದರಿ ಮಾಡುವ ಕೆಲಸ ಅಲ್ಲ. ಗೆರೆ ಮೊದಲೇ ಎಳೆದಿರುತ್ತದೆ. ಐಎಲ್‌ಎಸ್‌ನ (ರೇಡಿಯೋ ಸಂಕೇತದಿಂದ ರನ್‌ವೇಗೆ ದಾರಿ ತೋರಿಸುವ ವ್ಯವಸ್ಥೆ) ಮೊದಲ ದರ್ಜೆಯಲ್ಲಿ ಸಾಮಾನ್ಯವಾಗಿ ಆ ಗೆರೆ 200 ಅಡಿ ಎತ್ತರದಲ್ಲಿ. ಅಲ್ಲಿಗೆ ಬಂದಾಗಲೂ ರನ್‌ವೇ ಅಥವಾ ಅದರ ದೀಪಗಳು ಕಾಣದಿದ್ದರೆ ಏರಲೇಬೇಕು. ಅದಕ್ಕೂ ಮುಂಚೆ, ಮೋಡ ಮಂಜಿನಲ್ಲಿ 1000 ಅಡಿಗೆ ಬರುವಷ್ಟರಲ್ಲಿ ವೇಗ, ದಾರಿ, ಚಕ್ರ, ಫ್ಲ್ಯಾಪ್ ಎಲ್ಲ ಹದಕ್ಕೆ ಬಂದಿರಬೇಕು. ಬಂದಿಲ್ಲವಾ, ಏರು. ಪಕ್ಕದಲ್ಲಿ ಕೂತ ಕಿರಿಯ ಪೈಲಟ್ ಕೂಗಿ ಹೇಳಿದರೂ ಏರು. ಹಾಗಾಗಿ ಪದದಲ್ಲಿ ಸೋಲಿನ ಸುಳಿವು ಇರಬಾರದು. ಒಂದು ಅನುವಾದದಲ್ಲಿ ‘ವಿಫಲ ಇಳಿತ’ ಅಂತ ಓದಿ ನನಗೆ ನಿಜಕ್ಕೂ ಸಂಕಟವಾಯಿತು. ‘ಮರು ಏರಿಕೆ’ ಚೆನ್ನಾಗಿದೆ, ಬಿಡಿಸಿಯೇ ಬರೆಯಿರಿ.

ವಿಂಡ್ ಶಿಯರ್ ಅಂದರೆ ಸ್ವಲ್ಪ ದೂರದೊಳಗೇ ಗಾಳಿಯ ವೇಗವೋ ದಿಕ್ಕೋ ಥಟ್ಟನೆ ಬದಲಾಗುವುದು. ಗುಡುಗು ಮೋಡದಿಂದ ರಭಸವಾಗಿ ಇಳಿದ ಗಾಳಿ ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಅದರೊಳಗೆ ಹೊಕ್ಕ ವಿಮಾನಕ್ಕೆ ಮೊದಲು ಎದುರುಗಾಳಿ ಸಿಕ್ಕಿ ವೇಗ ಜಾಸ್ತಿಯಾದ ಹಾಗೆ ಕಾಣುತ್ತೆ. ಬೆನ್ನಿಗೇ ಕೆಳಕ್ಕೆ ಒತ್ತುವ ಗಾಳಿ. ಆಮೇಲೆ ಹಿಂದಿನಿಂದ ಬೀಸುವ ಗಾಳಿ. ರೆಕ್ಕೆಗೆ ಸಿಗಬೇಕಾದ ಗಾಳಿ ಕೆಲವೇ ಸೆಕೆಂಡುಗಳಲ್ಲಿ ಕಡಿಮೆಯಾಗಿಬಿಡುತ್ತೆ. 1985ರ ಆಗಸ್ಟ್ 2ರಂದು ಅಮೆರಿಕದ ಡಲ್ಲಾಸ್‌ನಲ್ಲಿ ಡೆಲ್ಟಾ ಏರ್‌ಲೈನ್ಸ್‌ನ ವಿಮಾನ 191 ಬಿದ್ದದ್ದು ಹೀಗೇ. ಇದರಿಂದ ಪಾರಾಗಲೂ ಏರುತ್ತೇವೆ, ಆದರೆ ಹೊರಗೆ ಬರುವವರೆಗೆ ಚಕ್ರ, ಫ್ಲ್ಯಾಪ್ ಮುಟ್ಟುವುದಿಲ್ಲ. ಅದಕ್ಕೇ ಎರಡನ್ನೂ ಒಂದೇ ಪದದಲ್ಲಿ ಕಟ್ಟಬೇಡಿ. ‘ಹೊರಳು’ ಅಂದರೆ ಗಾಳಿ ಸುಮ್ನೆ ಮಗ್ಗುಲು ಬದಲಿಸಿದ ಹಾಗಿದೆ. ನನ್ನ ಮತ ‘ಗಾಳಿಪಲ್ಲಟ’ಕ್ಕೆ.

ಮರು:
ಯಾಕಿಷ್ಟು ಕಷ್ಟ? ‘ಗೋ ಅರೌಂಡ್’ ಅಂತಲೇ ಇಡಿ. ‘ವಿಮಾನ’ ಸಂಸ್ಕೃತ, ‘ಪೈಲಟ್’ ‘ರನ್‌ವೇ’ ಇಂಗ್ಲಿಷ್. ಇಷ್ಟು ಎರವಲು ನುಂಗಿದವರಿಗೆ ಇನ್ನೊಂದು ಭಾರವೇ?

ಮರು:
ಭಾರವೇ. ‘ರನ್‌ವೇ’ ಒಂದು ವಸ್ತುವಿನ ಹೆಸರು, ಬರಲಿ. ಏರು, ಇಳಿ ಅನ್ನುವ ಕ್ರಿಯಾಪದಗಳನ್ನೂ ಬಿಟ್ಟುಕೊಟ್ಟರೆ ಕನ್ನಡಕ್ಕೆ ಉಳಿಯುವುದು ವಿಭಕ್ತಿ ಮಾತ್ರ. ‘ಪಲ್ಲಟ’ ಪ್ರಾಕೃತದ್ದೇ, ನನ್ನ ಮಾತು ಬದಲಾಗಲ್ಲ.

ಮರು:
ರೇಡಿಯೋದಲ್ಲಿ ‘ಗೋ ಅರೌಂಡ್’ ಅಂತಲೇ ಹೇಳಬೇಕು, ಅದು ಗೊತ್ತುಮಾಡಿದ ಮಾತು. ಅಲ್ಲಿ ಕನ್ನಡ ತರಬೇಕು ಅಂತ ಯಾರೂ ಹೇಳುತ್ತಿಲ್ಲ. ನಾವು ಪದ ಹುಡುಕುತ್ತಿರುವುದು ಬೆಲ್ಟ್ ಕಟ್ಟಿ ಕೂತವರಿಗೆ ಅಲ್ವಾ? ಅವರಿಗೆ ಆ ಎರಡು ನಿಮಿಷ ಏನಾಗುತ್ತಿದೆ ಅಂತ ತಿಳಿಯಬೇಕು.

ಮರು:
ಎಲ್ಲರಿಗೂ ಧನ್ಯವಾದ. ಹೀಗೆ ಕಳಿಸುತ್ತಿದ್ದೇನೆ: ‘ರನ್‌ವೇ ಕಾಣದಿದ್ದರೆ ಅಥವಾ ವಿಮಾನ ಹದಕ್ಕೆ ಬಂದಿರದಿದ್ದರೆ ಪೈಲಟ್ ಇಳಿಯದೆ ಮತ್ತೆ ಮೇಲೇರುತ್ತಾರೆ. ಇದು ಮರು ಏರಿಕೆ. ಎಂಜಿನ್ ಸದ್ದು ಜೋರಾಗುತ್ತದೆ, ಬೆನ್ನು ಸೀಟಿಗೆ ಒತ್ತುತ್ತದೆ. ಗಾಬರಿಯಾಗಬೇಡಿ.’ ‘ಗಾಳಿಪಲ್ಲಟ’ ಬಳಸಿ, ಪಕ್ಕದಲ್ಲೇ ‘ಗಾಳಿ ಥಟ್ಟನೆ ಬದಲಾಗುವುದು’ ಅಂತ ಬಿಡಿಸಿ ಬರೆದಿದ್ದೇನೆ. ತಪ್ಪಿದ್ದರೆ ನಾಳೆ ಮಧ್ಯಾಹ್ನದೊಳಗೆ ಹೇಳಿ.