ತಂಬುಳಿಯ ‘ತಂ’, ತಂಗಳಿನ ‘ತಂ’ ಎರಡೂ ಒಂದೇನಾ?

ಗೆಳೆಯರೇ, ನಮಸ್ಕಾರ.

ಶಿರಸಿ ಕಡೆಯ ನಮ್ಮ ಅಜ್ಜಿಮನೆಯಲ್ಲಿ ಬೇಸಿಗೆ ಬಂತೆಂದರೆ ದಿನಾ ತಂಬುಳಿ. ಹಿತ್ತಿಲಿನ ಒಂದೆಲಗ ಕಿತ್ತು ತೊಳೆದು, ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಹಾಕಿ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಬೆರೆಸುವುದು. ಮೇಲೊಂದು ಸಾಸಿವೆ ಒಗ್ಗರಣೆ. ಕುದಿಸುವಂತಿಲ್ಲ. ಅನ್ನಕ್ಕೆ ಕಲಸಿ ಉಂಡು, ಉಳಿದದ್ದನ್ನು ಲೋಟದಲ್ಲಿ ಕುಡಿದು, ಜಗಲಿಯ ತಣ್ಣನೆ ನೆಲದ ಮೇಲೆ ಸುಮ್ನೆ ಮಲಗಿದರೆ ಸೆಕೆಯೇ ಮರೆತುಹೋಗುತ್ತಿತ್ತು.

ಆ ‘ಕುದಿಸುವಂತಿಲ್ಲ’ ಎನ್ನುವುದು ಹೆಸರಿನಲ್ಲೇ ಇದೆ. ತಣ್ ಎಂದರೆ ತಂಪಾದ, ಪುಳಿ ಎಂದರೆ ಈಗಿನ ಹುಳಿ. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆಗುವಾಗ ‘ಕ’ ಹೋಗಿ ‘ಗ’ ಬಂತಲ್ಲ, ಹಾಗೆಯೇ ಇಲ್ಲಿ ‘ಪ’ ಹೋಗಿ ‘ಬ’ ಬಂದಿದೆ. ಕುದಿಸಿದ್ದು ಹುಳಿ, ತಣ್ಣಗಿದ್ದದ್ದು ತಂಬುಳಿ. ತಂಬಳಿ ಎಂದು ಬರೆದರೆ ಒಳಗಿನ ಹುಳಿ ಕಾಣದೆ ಹೋಗುತ್ತದೆ. ಅದಕ್ಕೇ ನನಗೆ ‘ತಂಬುಳಿ’ಯೇ ಇಷ್ಟ.

ಈಗ ನನ್ನ ಪ್ರಶ್ನೆ. ಬೆಳಗ್ಗೆ ನಮಗೆ ತಂಗಳನ್ನ, ಮೊಸರು, ಜೊತೆಗೆ ಅಪ್ಪೆಮಿಡಿ ಉಪ್ಪಿನಕಾಯಿ. ರಾತ್ರಿ ತಂಗಿದ ಅನ್ನವಾದ್ದರಿಂದ ತಂಗಳು ಎಂದು ನಮ್ಮ ಮಾವ ಹೇಳುತ್ತಿದ್ದರು. ನನಗೆ ಮಾತ್ರ ಇದೂ ತಣ್ ಕುಟುಂಬದ್ದೇ ಅನ್ನಿಸುತ್ತದೆ. ತಣ್ ಮತ್ತು ಕೂಳ್ ಸೇರಿ ತಂಗೂಳ್, ಅದೇ ಸವೆದು ತಂಗಳು. ಕೂಳು ಈಗ ಬೈಗುಳದಂತೆ ಕೇಳಿಸಿದರೂ ಹಿಂದೆ ಅದು ಅನ್ನಕ್ಕೆ ಇದ್ದ ಒಳ್ಳೆಯ ಮಾತೇ.

ಹಾಗಾದರೆ ‘ತಂಗಳನ್ನ’ದಲ್ಲಿ ಅನ್ನ ಎರಡು ಸಲ ಬಂತಲ್ವಾ, ‘ತಂಗಳು ರೊಟ್ಟಿ’ ಹೇಗೆ ಸರಿಯಾಗುತ್ತದೆ ಎಂದು ಕೇಳಬಹುದು. ಎಣ್ಣೆಯನ್ನು ನೋಡಿ. ಎಳ್ ಮತ್ತು ನೆಯ್ ಸೇರಿ ಆದ ಪದ ಅದು, ಅಂದರೆ ಎಳ್ಳಿನ ಜಿಡ್ಡು. ಒಳಗಿನ ಎಳ್ಳು ಮರೆತುಹೋಗಿದ್ದಕ್ಕೇ ಈಗ ಎಳ್ಳೆಣ್ಣೆ, ಕೊಬ್ಬರಿ ಎಣ್ಣೆ ಎರಡನ್ನೂ ಹೇಳುತ್ತೇವೆ. ತಂಗಳಿನ ಕೂಳೂ ಹಾಗೇ ಮರೆತಿರಬೇಕು.

ನಿಮ್ಮೂರಿನಲ್ಲಿ ಬರೀ ‘ತಂಗಳು’ ಎಂದರೆ ಅನ್ನ ಮಾತ್ರವೋ, ಮುದ್ದೆ, ಸಾರು ಎಲ್ಲವೂ ಸೇರಿತೋ? ‘ತಂಗೂಳು’ ಅಥವಾ ‘ತಂಗುಳು’ ಎಂದು ಹಿರಿಯರ ಬಾಯಲ್ಲಿ ಕೇಳಿದವರಿದ್ದರೆ, ಊರಿನ ಹೆಸರಿನ ಜೊತೆ ದಯವಿಟ್ಟು ಬರೆಯಿರಿ.