ರಷ್ಯನ್ನರು, ಉಕ್ರೇನಿನವರು ಒಂದೇ ಜನಾನಾ?

ಪ್ರಶ್ನೆ
ಯುದ್ಧದ ಸುದ್ದಿ ಬಂದಾಗಲೆಲ್ಲ ನಮ್ಮನೆಯಲ್ಲಿ ಇದೇ ವಾದ. ಇಬ್ಬರ ಲಿಪಿ ಒಂದೇ, ಧರ್ಮ ಒಂದೇ, 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಸುಮ್ನೆ ಬೇರೆಯಾದರು ಅಂತಾನೆ ನಮ್ಮಣ್ಣ. ನನಗೆ ಅಷ್ಟು ಸುಲಭದ ವಿಷಯ ಅನ್ನಿಸುತ್ತಿಲ್ಲ. ಗೊತ್ತಿರುವವರು ಬಿಡಿಸಿ ಹೇಳ್ತೀರಾ?

ಉತ್ತರ 1
ಬೇರು ಒಂದೇ, ಅದು ನಿಜ. 988ರಲ್ಲಿ ಕ್ರೈಸ್ತನಾದ ಕೀವ್ (ಈಗಿನ ಉಕ್ರೇನ್ ರಾಜಧಾನಿ) ದೊರೆಯನ್ನು ರಷ್ಯನ್ನರು ವ್ಲದೀಮಿರ್ ಅಂತಾರೆ, ಉಕ್ರೇನಿನವರು ವೊಲೊದಿಮಿರ್ ಅಂತಾರೆ, ಇಬ್ಬರಿಗೂ ಅವನು ನಮ್ಮವನೇ. ಮಾಸ್ಕೋದ ಹೆಸರು ದಾಖಲೆಯಲ್ಲಿ ಮೊದಲು ಸಿಗೋದೇ 1147ರಲ್ಲಿ. 1240ರಲ್ಲಿ ಮಂಗೋಲರು ಕೀವ್ ನಗರವನ್ನು ಹಾಳುಗೆಡವಿದರು. ಆಮೇಲೆ ಮಾಸ್ಕೋದವರು ಮಂಗೋಲರಿಗೆ ಕಪ್ಪ ಕೊಡುತ್ತಲೇ ಬೆಳೆದರು, ಕೀವ್ ಸೀಮೆ ಮಾತ್ರ ಲಿಥುವೇನಿಯಾದ ಕೈಗೆ, 1569ರಲ್ಲಿ ಪೋಲೆಂಡ್ ಕೈಗೆ ಹೋಯಿತು. ಸುಮಾರು 400 ವರ್ಷ ಬೇರೆ ದೊರೆ, ಬೇರೆ ಕಾನೂನು! 1654ರಲ್ಲಿ ಪೋಲೆಂಡ್ ಮೇಲೆ ದಂಗೆ ಎದ್ದಿದ್ದ ಕೊಸಾಕ್ (ಉಕ್ರೇನಿನ ಹುಲ್ಲುಗಾವಲು ಸೀಮೆಯ ಯೋಧರು) ನಾಯಕ ಖ್ಮೆಲ್‌ನಿತ್ಸ್ಕಿ ಪೆರೆಯಾಸ್ಲಾವ್ ಊರಲ್ಲಿ ರಷ್ಯದ ತ್ಸಾರ್ ದೊರೆಯ ಆಸರೆ ಒಪ್ಪಿಕೊಂಡ. ಮತ್ತೆ ಒಂದಾದೆವು ಅಂತ ರಷ್ಯದವರು, ಅದು ಆಪತ್ತಿಗೆ ಮಾಡಿಕೊಂಡ ಒಪ್ಪಂದ ಅಷ್ಟೇ ಅಂತ ಉಕ್ರೇನಿನವರು. ಇವತ್ತಿಗೂ ಆ ಜಗಳ ಮುಗಿದಿಲ್ಲ.

ಉತ್ತರ 2
ನಾನು ಉಕ್ರೇನಿನ ಖಾರ್ಕಿವ್‌ನಲ್ಲಿ ಎಂಬಿಬಿಎಸ್ ಓದಿದವಳು. ಲಿಪಿ ಹತ್ತಿರದ್ದು, ಆದರೆ ಒಂದೇ ಅಲ್ಲ. ತಲೆ ಮೇಲೆ ಎರಡು ಚುಕ್ಕಿ ಇರುವ ї ಅಕ್ಷರ ರಷ್ಯನ್‌ನಲ್ಲಿ ಇಲ್ಲವೇ ಇಲ್ಲ. ನವೆಂಬರ್‌ಗೆ ರಷ್ಯನ್ನರು ನೊಯಾಬ್ರ್ ಅಂತಾರೆ, ಉಕ್ರೇನಿಯನ್‌ನಲ್ಲಿ ಅದು ಲಿಸ್ತೊಪಾದ್, ಅಂದರೆ ಎಲೆ ಉದುರುವ ತಿಂಗಳು. ನನಗೆ ಆ ಪದ ತುಂಬಾ ಇಷ್ಟ. ನಮ್ಮ ಬಾಡಿಗೆ ಮನೆಯ ಅಮ್ಮ ನಮ್ಮ ಜೊತೆ ದಿನವಿಡೀ ರಷ್ಯನ್ ಮಾತಾಡೋರು, ಹಳ್ಳಿಯಿಂದ ತಾಯಿಯ ಫೋನ್ ಬಂದ ಕೂಡಲೇ ಉಕ್ರೇನಿಯನ್ನಿಗೆ ತಿರುಗಿಬಿಡೋರು, ದನಿಯೇ ಮೆತ್ತಗಾಗುತ್ತಿತ್ತು. 1876ರಲ್ಲಿ ತ್ಸಾರ್ ಆ ಭಾಷೆಯಲ್ಲಿ ಪುಸ್ತಕ ಅಚ್ಚು ಹಾಕುವುದನ್ನೇ ಹೆಚ್ಚುಕಮ್ಮಿ ನಿಲ್ಲಿಸಿದ್ದ. ಒಂದೇ ಜನ ಆಗಿದ್ದರೆ ಅದರ ಅಗತ್ಯ ಏನಿತ್ತು ಹೇಳಿ?

ಉತ್ತರ 3
1932-33ರ ಬರಗಾಲವನ್ನು ಬಿಡಬೇಡಿ. ಸ್ಟಾಲಿನ್ ಸರ್ಕಾರ ಧಾನ್ಯ ಕಿತ್ತುಕೊಂಡಿತು, ಹಸಿದ ರೈತರು ಉಕ್ರೇನ್ ಬಿಟ್ಟು ಹೊರಗೆ ಹೋಗದ ಹಾಗೆ 1933ರ ಜನವರಿಯಲ್ಲಿ ತಡೆ ಹಾಕಿತು. ಲಕ್ಷಾಂತರ ಜನ ಸತ್ತರು. ರಷ್ಯದ ವೋಲ್ಗಾ ಸೀಮೆಯಲ್ಲೂ, ಕಝಾಕ್‌ಸ್ತಾನದಲ್ಲೂ ಜನ ಹಸಿವಿನಿಂದ ಸತ್ತರು, ಅದನ್ನೂ ಹೇಳಲೇಬೇಕು. ಇನ್ನು 1991 ಸುಮ್ನೆ ಆಗಿದ್ದಲ್ಲ ಅಂತ ನಿಮ್ಮಣ್ಣನಿಗೆ ಹೇಳಿ. ಆ ವರ್ಷ ಡಿಸೆಂಬರ್ 1ರಂದು ಉಕ್ರೇನಿನಲ್ಲಿ ಮತ ಹಾಕಿದವರಲ್ಲಿ ಶೇ. 90ಕ್ಕೂ ಜಾಸ್ತಿ ಜನ ಸ್ವಾತಂತ್ರ್ಯ ಬೇಕು ಅಂದರು. ರಷ್ಯನ್ ಮಾತಾಡುವವರೇ ಹೆಚ್ಚಿರುವ ಪೂರ್ವದ ದೊನೆತ್ಸ್ಕ್ ಸೀಮೆಯಲ್ಲೂ ಶೇ. 80 ದಾಟಿತ್ತು.