ಸಹಾಯ ಬೇಕು: ದಕ್ಕೆಯಲ್ಲಿ ಮುಳುಗಿದ ಬೋಟು ಎತ್ತುವ ಟೆಂಡರ್

ಎಲ್ಲರಿಗೂ ನಮಸ್ಕಾರ. ನನ್ನದು ಸಣ್ಣ ಕ್ರೇನ್ ವ್ಯವಹಾರ, ಕರಾವಳಿಯಲ್ಲೇ. ನಮ್ಮ ಕಡೆಯ ಮೀನುಗಾರಿಕಾ ಬಂದರಿನ ದಕ್ಕೆಯಲ್ಲಿ (ಬೋಟು ನಿಲ್ಲಿಸುವ ಕಟ್ಟೆ) ಬಿಟ್ಟುಹೋದ ಬೋಟುಗಳನ್ನು ತೆಗೆಯಲು ಕೆಪಿಪಿಪಿ (ರಾಜ್ಯ ಸರ್ಕಾರದ ಟೆಂಡರ್) ಪೋರ್ಟಲ್‌ನಲ್ಲಿ ಟೆಂಡರ್ ಬಂದಿದೆ. ಒಟ್ಟು 7 ಬೋಟು. ಇಎಂಡಿ (ಬಿಡ್ ಜೊತೆ ಇಡುವ ಠೇವಣಿ) ಕಟ್ಟುವ ಮೊದಲು ಒಂದೆರಡು ಸಂಗತಿ ತಿಳಿಯಬೇಕಿತ್ತು.

ದರವನ್ನು ಒಂದು ಬೋಟಿಗೆ ಇಷ್ಟು ಅಂತ ಕೇಳಿದ್ದಾರೆ. ಆದರೆ ಎಲ್ಲವೂ ಒಂದೇ ತರ ಇಲ್ಲ ಅಲ್ವಾ? ಕಬ್ಬಿಣದ ಬೋಟಾದರೆ ಗುಜರಿಯಲ್ಲಿ ಸ್ವಲ್ಪ ಕಾಸು ಹುಟ್ಟುತ್ತದೆ. ಫೈಬರ್ ಬೋಟನ್ನು ಯಾರೂ ಮುಟ್ಟುವುದಿಲ್ಲ, ಸಾಗಿಸುವ ಖರ್ಚೂ ನಮ್ಮ ತಲೆಗೇ. ಮರದ ಎರಡು ಬೋಟು ಅರ್ಧ ಹೂಳಿನಲ್ಲಿವೆ. ಹಗ್ಗ ಹಾಕಿ ಎಳೆದರೆ ತುಂಡಾಗಿ ಕೈಗೆ ಬರುತ್ತವೆ, ಅಷ್ಟೇ. ಟ್ಯಾಂಕಿನಲ್ಲಿ ಡೀಸೆಲ್ ಉಳಿದಿದ್ದರೆ ಮೊದಲು ಅದನ್ನು ಹೀರಿ ತೆಗೆಯಬೇಕು. ಎಸ್ಟಿಮೇಟ್‌ನಲ್ಲಿ ಅದರ ಮಾತೇ ಇಲ್ಲ!

ಇನ್ನೊಂದು, ಅವಧಿ. ಕೆಲಸ ಜುಲೈ ಒಳಗೆ ಮುಗಿಯಬೇಕಂತೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಇರುವ ಬೋಟೆಲ್ಲ ದಕ್ಕೆಯಲ್ಲೇ ಒತ್ತೊತ್ತಾಗಿ ನಿಂತಿರುತ್ತವೆ. ಮೇಲಿಂದ ಮಳೆ. ಬಾರ್ಜ್ (ಕ್ರೇನ್ ಹೊರುವ ಚಪ್ಪಟೆ ದೋಣಿ) ಎಲ್ಲಿಂದ ನುಗ್ಗಿಸುವುದು?

ನನಗೆ ಜಾಸ್ತಿ ಹೆದರಿಕೆ ಇರುವುದು ಮಾಲೀಕರದ್ದು. ನೋಂದಣಿ ನಂಬರ್ ಮಾಸಿಹೋಗಿದೆ. ಎತ್ತಿ ಒಡೆದ ಮೇಲೆ ಯಾರಾದರೂ ಬಂದು "ಇಂಜಿನ್ ನಮ್ಮದು" ಅಂದರೆ? ಇಲಾಖೆಯಿಂದ ನೋಟಿಸ್, ಪಂಚನಾಮೆ ಆಗಿದ್ದರ ಪ್ರತಿ ಮೊದಲೇ ಕೇಳಬಹುದೇ? ಪ್ರೀ-ಬಿಡ್ ಸಭೆಯಲ್ಲಿ (ಬಿಡ್ ಹಾಕುವ ಮೊದಲು ಸಂಶಯ ಕೇಳುವ ಸಭೆ) ಇದನ್ನು ಬಾಯಲ್ಲಿ ಕೇಳಿದರೆ ಸಾಕೇ, ಬರವಣಿಗೆಯಲ್ಲೇ ಕೊಡಬೇಕೇ?

ಇಂಥ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ತಿಳಿಸಿ. ಮುಳುಗುಗಾರರ ವಿಮೆ ಹೇಗೆ ಮಾಡಿಸಿದಿರಿ ಅನ್ನುವುದನ್ನೂ ಹೇಳಿ. ಸಭೆ ಬರುವ ಗುರುವಾರ ಇದೆ.